ಓಬೀರಾಯ ನಿವೃತ್ತ, ಬೂಮರ್ ನೇಮಕ

ಮೊನ್ನೆ ಅಕ್ಕನ ಮಗಳ ಮೆಸೇಜಿಗೆ ಹೆಬ್ಬೆರಳು ಎತ್ತಿದ ಎಮೋಜಿ ಹಾಕಿದೆ. 'ಆಯ್ತು ಪುಟ್ಟಿ' ಅನ್ನೋ ಅರ್ಥದಲ್ಲಿ. ಅವಳಿಗೆ ಅದು ಮುಖಕ್ಕೆ ಬಾಗಿಲು ಹಾಕಿದ ಹಾಗೆ ಕಂಡಿತಂತೆ. "ಮಾಮ, ನೀವು ಪಕ್ಕಾ ಬೂಮರ್" ಅಂತ, ಅಂದರೆ ಹಳೇ ಕಾಲದವರು ಅಂತ ತೀರ್ಪು ಬಂತು.

ನಾನು ಬಿಡಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸಿಕ್ಕಾಪಟ್ಟೆ ಮಕ್ಕಳು ಹುಟ್ಟಿದವು. 1946ರಿಂದ 1964ರೊಳಗೆ ಹುಟ್ಟಿದ ಆ ಪೀಳಿಗೆಗೆ ಬೇಬಿ ಬೂಮರ್ ಅಂತ ಹೆಸರು. ನಾನು ಹುಟ್ಟಿದ್ದು 1983ರಲ್ಲಿ. ಇಷ್ಟನ್ನೂ ಅಲ್ಪವಿರಾಮ, ಪೂರ್ಣವಿರಾಮ ಸಮೇತ ಬರೆದು ಕಳಿಸಿದೆ. "ಇಸವಿ ಲೆಕ್ಕ ಕೊಡೋದೇ ಬೂಮರ್ ಲಕ್ಷಣ" ಅಂದಳು. ಮೇಲ್ಮನವಿಗೆ ಜಾಗವೇ ಇಲ್ಲ.

ಸಂಸತ್ತಿನಲ್ಲೂ ಇದೇ ಕಥೆ. 2019ರಲ್ಲಿ ನ್ಯೂಜಿಲೆಂಡಿನ 25 ವರ್ಷದ ಸಂಸದೆ ಕ್ಲೋಯಿ ಸ್ವಾರ್‌ಬ್ರಿಕ್ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಈ ಸದನದ ಸರಾಸರಿ ವಯಸ್ಸು 49 ಅಂದರು. ಯಾರೋ ನಡುವೆ ಬಾಯಿ ಹಾಕಿದರು. ಸಂಸದೆ "ಓಕೆ ಬೂಮರ್" ಅಂತ ಅವರಿಗೆ ಒಂದೇ ಏಟು ಕೊಟ್ಟು ಮುಂದೆ ಹೋದರು. 49 ಅಂದರೆ ಹುಟ್ಟಿದ್ದು 1970ರ ಆಸುಪಾಸು. ಅಂದರೆ ಲೆಕ್ಕದ ಪ್ರಕಾರ ಆ ಸರಾಸರಿ ಸಂಸದರೂ ಬೂಮರ್ ಅಲ್ಲ! (ಹೌದು, ಮತ್ತೆ ಇಸವಿ ಲೆಕ್ಕ.) ಸಂಸತ್ತಿನ ಟಿವಿಗಂತೂ ಆ ಪದವೇ ಅರ್ಥವಾಗಲಿಲ್ಲ. ಪರದೆಯ ಅಡಿಬರಹದಲ್ಲಿ ಮೂಡಿದ್ದು 'ಓಕೆ ಬರ್ಮಾ'. ಸುಮ್ನೆ ಕೂತಿದ್ದ ದೇಶವೊಂದು ಮುದುಕರ ಪಟ್ಟಿಗೆ ಸೇರಿತು.

ನಮಗೆ ಈ ಕೆಲಸಕ್ಕೆ ಓಬೀರಾಯ ಇದ್ದ. ಅಂಗಿಯಾಗಲಿ, ಮೀಸೆಯಾಗಲಿ, ಬುದ್ಧಿಯಾಗಲಿ, 'ಓಬೀರಾಯನ ಕಾಲದ್ದು' ಅಂದರೆ ಮುಗಿಯಿತು. ಅವನು ಹುಟ್ಟಿದ ಇಸವಿ ಯಾರಿಗೂ ಬೇಕಿರಲಿಲ್ಲ. ಈಗ ಅವನ ಹೆಸರು ಎತ್ತಿದವನೇ ಓಬೀರಾಯ. ಇಂಗ್ಲಿಷಿನವರ ಪಾಡೂ ಅಷ್ಟೇ. 1940ರ ದಶಕದಲ್ಲಿ ಜಾಜ್ ಸಂಗೀತದವರು ಹೊಸತಕ್ಕೆ ಒಗ್ಗದವರನ್ನು 'ಸ್ಕ್ವೇರ್' ಅಂತ ಗೇಲಿ ಮಾಡುತ್ತಿದ್ದರು. ಇವತ್ತು ಹಾಗೆ ಬೈದು ನೋಡಿ, ಬೈಸಿಕೊಂಡವರು ಎದ್ದು ನಿಮಗೆ ಕುರ್ಚಿ ಬಿಟ್ಟುಕೊಡುತ್ತಾರೆ.

ಮೊದಲೆಲ್ಲ ಹಳೇ ಕಾಲದವರಾಗಲು ಅರವತ್ತು ವರ್ಷವಾದರೂ ಬದುಕಬೇಕಿತ್ತು. ಈಗ ಅಷ್ಟೆಲ್ಲ ಕಷ್ಟ ಇಲ್ಲ.

ನಿನ್ನೆ ಅವಳದೇ ಫೋನ್. ಮೆಸೇಜ್ ಅಲ್ಲ, ನೇರ ಫೋನ್. ಕಣ್ಣೀರು ಸುರಿಸಿ ನಗುವ ಎಮೋಜಿ ಹಾಕಿದ್ದಕ್ಕೆ ಹನ್ನೆರಡು ವರ್ಷದ ತಮ್ಮ ಅವಳನ್ನು ಬೂಮರ್ ಅಂದನಂತೆ. "ನನಗಿನ್ನೂ ಹತ್ತೊಂಬತ್ತು, ಮಾಮ! ನಾನು ಹುಟ್ಟಿದ ಇಸವಿ ನೋಡಿದ್ರೆ..." ಅಂತ ಶುರು ಮಾಡಿದಳು.

ಎಲ್ಲ ಕೇಳಿಸಿಕೊಂಡೆ. ಫೋನ್ ಇಟ್ಟ ಮೇಲೆ ಒಂದು ಹೆಬ್ಬೆರಳು ಕಳಿಸಿದೆ.