ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಯೇ?

'ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡಿ, ತಕ್ಷಣ ನಿಲ್ಲುತ್ತದೆ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇದು ನಿಜವಲ್ಲ. ಜನ ನಂಬುವುದಕ್ಕೆ ಕಾರಣವೇನೋ ಇದೆ: ಹೆಚ್ಚಿನ ಸೆಳೆತಗಳು 1ರಿಂದ 3 ನಿಮಿಷದಲ್ಲಿ ತಾವಾಗಿಯೇ ನಿಲ್ಲುತ್ತವೆ. ಯಾರೋ ಓಡಿಹೋಗಿ ಕಬ್ಬಿಣ ಹುಡುಕಿ ತರುವಷ್ಟರಲ್ಲಿ ಅದು ಮುಗಿಯುವ ಹೊತ್ತು. ಹೆಸರು ಮಾತ್ರ ಕಬ್ಬಿಣಕ್ಕೆ. ಈರುಳ್ಳಿ, ಚಪ್ಪಲಿ ಮೂಸಿಸುವುದೂ ಅಷ್ಟೇ.

ಫಿಟ್ಸ್ ದೈವದ ಮುನಿಸಲ್ಲ, ಮಿದುಳಿನ ಕಾಯಿಲೆ ಎಂದು ಹಿಪೊಕ್ರೆಟಿಸ್ ಪರಂಪರೆಯ ಗ್ರೀಕ್ ವೈದ್ಯರು ಸುಮಾರು 2400 ವರ್ಷಗಳ ಹಿಂದೆಯೇ ಬರೆದಿದ್ದರು. ಆದರೆ ನಿಜಕ್ಕೂ ಕೆಲಸ ಮಾಡುವ ಔಷಧಕ್ಕೆ 1857ರವರೆಗೆ ಕಾಯಬೇಕಾಯಿತು. ಆ ವರ್ಷ ಲಂಡನ್ನಿನ ವೈದ್ಯ ಚಾರ್ಲ್ಸ್ ಲೋಕಾಕ್ ಬ್ರೋಮೈಡ್ ಎಂಬ ಲವಣದಿಂದ ಸೆಳೆತ ಹತೋಟಿಗೆ ಬಂದದ್ದನ್ನು ತಿಳಿಸಿದರು. ಮುಟ್ಟಿಗೂ ಸೆಳೆತಕ್ಕೂ ನಂಟು ಕಲ್ಪಿಸಿ ಅವರು ಅದನ್ನು ಕೊಟ್ಟದ್ದು. ತರ್ಕ ತಪ್ಪಿತ್ತು, ಔಷಧ ನಾಟಿತು! 1912ರಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ಹೌಪ್ಟ್‌ಮನ್ ಫಿನೊಬಾರ್ಬಿಟಾಲ್ ಎಂಬ ಔಷಧಕ್ಕೆ ಸೆಳೆತ ತಡೆಯುವ ಗುಣವಿದೆ ಎಂದು ಗುರುತಿಸಿದರು, 1938ರಲ್ಲಿ ಅಮೆರಿಕದಲ್ಲಿ ಫೆನಿಟಾಯಿನ್ ಎಂಬ ಇನ್ನೊಂದು ಔಷಧ ಬಂತು. ಎರಡನ್ನೂ ವೈದ್ಯರು ಈಗಲೂ ಬರೆದುಕೊಡುತ್ತಾರೆ.

ಫಿಟ್ಸ್ ಬಂದವರನ್ನು ಒಂದು ಮಗ್ಗುಲಿಗೆ ಹೊರಳಿಸಿ. ಬಾಯಿಗೆ ಚಮಚ, ನೀರು ಏನೂ ಬೇಡ. ಗಡಿಯಾರ ನೋಡಿಕೊಳ್ಳಿ, 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.