ಎಂಟರ ಫ್ಯಾಕ್ಟೋರಿಯಲ್ ಮತ್ತು ಕೆಂಪು ಶಾಯಿ

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಪ್ರತಿಭಾ ಪುರಸ್ಕಾರದಲ್ಲಿ ಒಬ್ಬಳು ಹುಡುಗಿಗೆ ಶಾಲು ಹೊದಿಸುವುದಿತ್ತು. ಅವಳಿಗೆ ಸೀಟು ಸಿಕ್ಕಿದ ಶಾಖೆಯ ಹೆಸರನ್ನು ನಿರೂಪಕರು ಚೀಟಿ ನೋಡಿ ಓದಿದರು: "ಕಂಪ್ಯೂಟರ್ ಸೈನ್ಸ್ ಆ್ಯಂಡ್ ಇಂಜಿನಿಯರಿಂಗ್, ಆವರಣದಲ್ಲಿ ಇಂಟರ್ನೆಟ್ ಆಫ್ ಥಿಂಗ್ಸ್ ಆ್ಯಂಡ್ ಸೈಬರ್ ಸೆಕ್ಯೂರಿಟಿ..." ಇಲ್ಲಿ ಒಮ್ಮೆ ಉಸಿರು ಎಳೆದುಕೊಂಡರು. "...ಇನ್‌ಕ್ಲೂಡಿಂಗ್ ಬ್ಲಾಕ್ ಚೈನ್ ಟೆಕ್ನಾಲಜಿ." ನಾನು ಕಟ್ಟಿ ಹೇಳುತ್ತಿಲ್ಲ, ಮಹಾರಾಷ್ಟ್ರದ ಪ್ರವೇಶ ಪಟ್ಟಿಯಲ್ಲಿ ಹೀಗೇ ಇದೆ. ಪಕ್ಕದಲ್ಲಿದ್ದ ಹೋಟೆಲ್ ಶೆಟ್ಟರು ನನ್ನ ಕಿವಿಯಲ್ಲಿ ಕೇಳಿದರು, "ಇಷ್ಟೂ ಐಟಂ ಒಂದೇ ಥಾಲಿಯಲ್ಲಾ ಮಾರಾಯ್ರೆ?"

ನನ್ನ ಅಕ್ಕನ ಮಗನಿಗೆ ಥಾಲಿ ಸಿಗಲಿಲ್ಲ, ಬರೀ ಕಂಪ್ಯೂಟರ್ ಇಂಜಿನಿಯರಿಂಗ್. ಆದರೂ ಭಾವ ಸೊಸೈಟಿಯಲ್ಲಿ ಸಾಲ ಎತ್ತಿ ಲ್ಯಾಪ್‌ಟಾಪ್ ಕೊಡಿಸಿದರು. ಕಾಲೇಜಿನವರು (ಹೆಸರು ಬೇಡ, ಹುಡುಗ ಇನ್ನೂ ಪಾಸಾಗಬೇಕು) ಮೊದಲ ವಾರವೇ ಬೇಕಾದ ಸಾಮಾನಿನ ಪಟ್ಟಿ ಕೊಟ್ಟರು. ಒಂದು ಪುಟ ಗೆರೆ, ಎದುರು ಪುಟ ಖಾಲಿ ಇರುವ ಜರ್ನಲ್, ಅಂದರೆ ಲ್ಯಾಬಿನ ಪ್ರಯೋಗ ಬರೆದಿಡುವ ಪುಸ್ತಕ. ನೀಲಿ ಪೆನ್ನು. ಪೆನ್ಸಿಲು, ಸ್ಕೇಲು. ಲ್ಯಾಪ್‌ಟಾಪಿನ ಸುದ್ದಿಯೇ ಇರಲಿಲ್ಲ.

ಒಂದು ರಾತ್ರಿ ಅವನು ಬರೆಯುವುದನ್ನು ಎದುರು ಕೂತು ನೋಡಿದೆ. ಪ್ರೋಗ್ರಾಮನ್ನು ಅವನು ಫೋನಿನಲ್ಲಿ ಚಾಟ್‌ಜಿಪಿಟಿಗೆ ಕೇಳಿದ್ದ. ಅದು ಉಗುಳು ನುಂಗುವಷ್ಟರಲ್ಲಿ ಕೊಟ್ಟಿತು. ಅದನ್ನು ಇವನು ಪೆನ್ನು ಹಿಡಿದು ಒಂದೂವರೆ ಗಂಟೆ ನಕಲು ಮಾಡಿದ. ಹ್ಯಾಶ್ ಇನ್‌ಕ್ಲೂಡಿನಿಂದ ಕೊನೆಯ ಹೂಬ್ರಾಕೆಟ್ಟಿನ ತನಕ, ಹೆಚ್ಚುಕಡಿಮೆ ಪ್ರತಿ ಸಾಲಿನ ಕೊನೆಗೆ ಒಂದು ಸೆಮಿಕೋಲನ್ ಚುಚ್ಚುತ್ತ. ಯೋಚನೆ ಯಂತ್ರದ್ದು, ಪ್ರಿಂಟರಿನ ಕೆಲಸ ಮನುಷ್ಯನದು. ಎಡ ಪುಟದಲ್ಲಿ ಪೆನ್ಸಿಲಿನಿಂದ ಚೌಕ ಎಳೆದು ಔಟ್‌ಪುಟ್ ಬೇರೆ ಬರೆಯಬೇಕು. ಪ್ರೋಗ್ರಾಂ ಓಡಿಸಿದ ಮೇಲೆ ಬರುವುದಕ್ಕೆ ತಾನೇ ಔಟ್‌ಪುಟ್ ಅನ್ನುವುದು? "ಓಡಿಸ್ಲಿಕ್ಕೆ ಎಲ್ಲಿ ಟೈಮು ಮಾವ, ನಾಳೆ ಸಬ್‌ಮಿಷನ್" ಎಂದ. ಕೊನೆಗೆ ಕನ್ಕ್ಲೂಷನ್: ಈ ಪ್ರಯೋಗವನ್ನು ನಾವು ಯಶಸ್ವಿಯಾಗಿ ನಡೆಸಿದ್ದೇವೆ. ಹತ್ತು ಪ್ರಯೋಗಕ್ಕೂ ಅದೇ ವಾಕ್ಯ, ಸತ್ಯನಾರಾಯಣ ಕಥೆಯ ಅಧ್ಯಾಯ ಮುಗಿದ ಹಾಗೆ.

ಇಂಗ್ಲೆಂಡಿನ ಗಣಿತಜ್ಞೆ ಏಡಾ ಲವ್‌ಲೇಸ್ 1843ರಲ್ಲಿ ಕಾಗದದ ಮೇಲೆ ಪ್ರೋಗ್ರಾಂ ಬರೆದರು, ನಿಜ. ಆದರೆ ಆ ತಾಯಿಗೆ ನೆವ ಇತ್ತು, ಓಡಿಸಬೇಕಾದ ಯಂತ್ರವೇ ಹುಟ್ಟಿರಲಿಲ್ಲ. ನಮ್ಮ ಮುಂಬಯಿಯಲ್ಲಿ ಹಾಗೇನೂ ಬಡತನವಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1960ರಲ್ಲೇ ಟಿಫ್ರಾಕ್ ಎಂಬ ಕಂಪ್ಯೂಟರನ್ನು ತಾವೇ ಕಟ್ಟಿ ನಿಲ್ಲಿಸಿದ್ದರು. ಆ ಕಾಲದಲ್ಲಿ ಬರೆದದ್ದು ಕಡೆಗಾದರೂ ಯಂತ್ರದ ಹೊಟ್ಟೆಗೆ ಹೋಗುತ್ತಿತ್ತು. ಈಗ ಲ್ಯಾಬ್ ಅಟೆಂಡರನ ಕಪಾಟಿಗೆ ಹೋಗುತ್ತದೆ.

ಉಲ್ಟಾ ಪ್ರಯೋಗವೂ ಈ ಊರಲ್ಲಿ ಆಗಿದೆ ಅನ್ನಿ. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಕೈಬರಹದ ಲಕ್ಷಗಟ್ಟಲೆ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದಿಸಿತು. ಜುಲೈ 31ರ ಗಡುವು ದಾಟಿತು, ಗಣಪತಿ ಬಂದು ಹೋದ, ಎಷ್ಟೋ ಮಕ್ಕಳಿಗೆ ಫಲಿತಾಂಶ ಬರಲಿಲ್ಲ. ಅಕ್ಟೋಬರಿನಲ್ಲಿ ಕುಲಪತಿಗಳ ಕುರ್ಚಿಯೇ ಹೋಯಿತು. ಆಮೇಲೆ ಪೆನ್ನಿನ ಮೇಲಿನ ಭಕ್ತಿ ಹೆಚ್ಚಿದ್ದರೆ ಯಾರನ್ನು ದೂರೋಣ.

ಜರ್ನಲಿಗೆ ಬರುತ್ತೇನೆ. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಜರ್ ನೋಡಿದವನು, ಕಣ್ಣು ಸುಮ್ಮನಿರುವುದಿಲ್ಲ. ಆರನೆಯ ಪ್ರಯೋಗದ ಚೌಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಿತ್ತು: 8ರ ಫ್ಯಾಕ್ಟೋರಿಯಲ್ = -25216.

"ಒಂದರಿಂದ ಎಂಟರ ತನಕ ಗುಣಿಸಿದರೆ ಮೈನಸ್ ಎಲ್ಲಿಂದ ಬಂತೋ?"

"ಸೀನಿಯರ್ ಜರ್ನಲಿನಲ್ಲಿ ಹಾಗೇ ಇದೆ ಮಾವ." ಆ ಸೀನಿಯರಿಗೆ ಅವನ ಸೀನಿಯರ್, ಅವನಿಗೆ ಇನ್ನೊಬ್ಬ. ಗೋತ್ರ ಪ್ರವರವೇ ಇದೆ.

ಮರುದಿನ ಶೆಟ್ಟರಿಗೆ ಹೇಳಿದೆ. ಎಂಟು ಕುರ್ಚಿಗೆ ಎಂಟು ಗಿರಾಕಿ ಎಷ್ಟು ಬಗೆಯಲ್ಲಿ ಕೂರಬಹುದು ಎಂಬುದೇ ಈ ಲೆಕ್ಕ, ಉತ್ತರ 40320, ಪುಸ್ತಕದಲ್ಲಿ ಮೈನಸ್ ಬಂದಿದೆ ಎಂದೆ. ಅವರು ಗಲ್ಲಾಪೆಟ್ಟಿಗೆಯಿಂದ ತಲೆ ಎತ್ತಲಿಲ್ಲ. "ಬಿಲ್ ಕೊಡದೆ ಎದ್ದು ಹೋದವರ ಲೆಕ್ಕ ಇರಬೇಕು."

ಹುಡುಗ ಆ ಹಾಳೆ ಹರಿದು, ಅಷ್ಟನ್ನೂ ಮತ್ತೆ ಬರೆದು, 40320 ಎಂದು ಹಾಕಿ ಕೊಟ್ಟ. ಮೇಡಂ ಅದಕ್ಕೆ ಕೆಂಪು ಸುತ್ತು ಹಾಕಿ ವಾಪಸ್ ಕೊಟ್ಟರು. ಬ್ಯಾಚಿನ ಎಲ್ಲರದೂ -25216, ಇವನೊಬ್ಬನದು ಬೇರೆ. ಒಂದೇ ಪ್ರೋಗ್ರಾಮಿಗೆ ಎರಡು ಔಟ್‌ಪುಟ್ ಹೇಗೆ ಬರುತ್ತದೆ?

ತಮಾಷೆ ಎಂದರೆ, ಬರುತ್ತದೆ. ಅವರ ಲ್ಯಾಬಿನಲ್ಲಿ ಸಿ ಭಾಷೆಯ ಪ್ರೋಗ್ರಾಂ ಓಡಿಸಲು ಇರುವುದು ಟರ್ಬೊ ಸಿ ಎಂಬ ತಂತ್ರಾಂಶ, 1987ರಲ್ಲಿ, ಡಾಸ್ ಎಂಬ ಹಳೆಯ ವ್ಯವಸ್ಥೆಯ ಕಾಲದಲ್ಲಿ ಹುಟ್ಟಿದ್ದು. ಈಗಿನ ವಿಂಡೋಸಿನಲ್ಲಿ ಅದು ನೆಟ್ಟಗೆ ಓಡುವುದಿಲ್ಲ. ಡಾಸ್‌ಬಾಕ್ಸ್ ಎಂಬ ಗೂಡಿನೊಳಗೆ ಕೂರಿಸಿ, ಹೊರಗೆ ಇನ್ನೂ ಹಳೆಯ ಕಾಲವೇ ನಡೆದಿದೆ ಎಂದು ಅದನ್ನು ನಂಬಿಸಬೇಕು, ಊರಿನ ಗದ್ದೆ ಮಾರಿದ್ದನ್ನು ಅಜ್ಜನಿಗೆ ಹೇಳದೆ ಇದ್ದ ಹಾಗೆ. ಅಜ್ಜನ ಲೆಕ್ಕದಲ್ಲಿ ಒಂದು ಇಂಟ್, ಅಂದರೆ ಪೂರ್ಣಾಂಕ ಇಡುವ ಡಬ್ಬಿ, ಎಂದರೆ ಹದಿನಾರೇ ಬಿಟ್, ಸೊನ್ನೆ ಅಥವಾ ಒಂದು ಕೂರುವ ಹದಿನಾರೇ ಮನೆ. ಅದರಲ್ಲಿ 32767ರ ತನಕ ಹಿಡಿಯುತ್ತದೆ. ಮೇಲೆ ಒಂದು ಕೂಡಿಸಿದರೆ ಬಾವಿಯ ಆಚೆ ದಡದಿಂದ -32768 ಆಗಿ ಏಳುತ್ತದೆ. 40320ನ್ನು ತುರುಕಿದರೆ ಇಡೀ ಒಂದು ಸುತ್ತಿನ 65536 ಸೋರಿ ಹೋಗಿ ಉಳಿಯುವುದು -25216. ಹುಡುಗನ ಲ್ಯಾಪ್‌ಟಾಪಿನಲ್ಲಿ ಇಂಟ್‌ಗೆ ಮೂವತ್ತೆರಡು ಬಿಟ್, ಹಾಗಾಗಿ ಅಲ್ಲಿ ಸರಿ ಬರುತ್ತದೆ.

ಅಂದರೆ ಯಾವುದೋ ಪುಣ್ಯಾತ್ಮ ಒಂದು ಕಾಲದಲ್ಲಿ ನಿಜವಾಗಿ ಪ್ರೋಗ್ರಾಂ ಓಡಿಸಿ, ಕಂಡದ್ದನ್ನು ಬರೆದಿದ್ದ. ಇಡೀ ಜರ್ನಲಿನಲ್ಲಿ ಕಂಪ್ಯೂಟರ್ ಸೈನ್ಸ್ ಎಂಬುದು ಇದ್ದರೆ ಆ ಒಂದು ಮೈನಸ್ ಗೀಟಿನಲ್ಲಿ ಇತ್ತು. ಅದರ ಮುಂದೆ ಐದು ನಿಮಿಷ ನಿಂತು ಯಾಕೆ ಎಂದು ಕೇಳಿದ್ದರೆ ಒಂದು ಸೆಮಿಸ್ಟರಿನ ಪಾಠ ಅಲ್ಲೇ ಆಗುತ್ತಿತ್ತು. ಕೇಳಿದರೆ ಟರ್ಮ್ ವರ್ಕಿನ 25 ಮಾರ್ಕ್ಸ್ ಯಾರು ಕೊಡುತ್ತಾರೆ? ಇವನು ಮೂರನೆಯ ಸಲ ಹಾಳೆ ಬರೆದ. ಈ ಸಲ ಮೈನಸ್. ಸಹಿ ಬಿತ್ತು.

ವೈವಾ ಎಂಬ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಜರ್ನಲ್ ಮುಚ್ಚಿಟ್ಟು ಕೇಳಿದರಂತೆ, 8ರ ಫ್ಯಾಕ್ಟೋರಿಯಲ್ ಎಷ್ಟು? ಇವನು, "ಲೆಕ್ಕದ್ದೋ ಸರ್, ಜರ್ನಲಿನದ್ದೋ?" ಎಂದನಂತೆ. ಅವರು ಮುಗುಳ್ನಕ್ಕು ಮುಂದಿನವನನ್ನು ಕರೆದರಂತೆ.

ಮೊನ್ನೆ ನಮ್ಮಲ್ಲಿ ಪತ್ರೊಡೆ ತಿನ್ನುತ್ತಿದ್ದಾಗ ಅವನಿಗೆ ಫೋನ್ ಬಂತು. ಈ ವರ್ಷ ಸೇರಿದ ಹುಡುಗ, ಇವನ ಜರ್ನಲನ್ನು ಎದುರಿಗೆ ಇಟ್ಟುಕೊಂಡು ಕೂತಿದ್ದಾನೆ. ಚೌಕದಲ್ಲಿ ಪೆನ್ಸಿಲ್ ಮಾಸಿದೆ, ದಾದಾ, ಅದೇನು ಸಂಖ್ಯೆ? ಇವನು ಎಡಗೈಯಲ್ಲಿ ಫೋನ್ ಹಿಡಿದು ಒಂದೊಂದೇ ಅಂಕೆ ಬಿಡಿಸಿ ಹೇಳಿದ. ಇಡುವ ಮುಂಚೆ ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ:

"ಮುಂದೆ ಮೈನಸ್ ಇದೆ ನೋಡು, ಮರೀಬೇಡ."