ಸತ್ಯಾಂಶ: ಡಿಸ್ಕಸ್ಸನ್ನು ಬಿಗಿಯಾಗಿ ಹಿಡಿದರೆ ದೂರ ಹೋಗುತ್ತದೆಯೇ?

ಡಿಸ್ಕಸ್ (ಚಕ್ರ ಎಸೆತದ ತಟ್ಟೆ) ಬಗ್ಗೆ ಹಾಸನದ ಪೋಷಕರ ಗ್ರೂಪೊಂದರಲ್ಲಿ ಹರಿದಾಡಿದ ಮೆಸೇಜು ಇದು: "ಡಿಸ್ಕಸ್ಸನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿಯಿರಿ, ತೋಳಿನ ಬಲವೆಲ್ಲ ಹಾಕಿ, ಬೆನ್ನ ಹಿಂದಿನಿಂದ ಗಾಳಿ ಬೀಸುವಾಗ ಎಸೆಯಿರಿ." ಮೂರು ಮಾತು, ಮೂರೂ ತಪ್ಪು.

ನಿಜ ಹೇಳಬೇಕೆಂದರೆ ಡಿಸ್ಕಸ್ಸನ್ನು ಹಿಡಿಯುವುದೇ ಇಲ್ಲ. ಅದರ ಅಂಚು ನಾಲ್ಕು ಬೆರಳುಗಳ ತುದಿ ಗೆಣ್ಣಿನ ಮೇಲೆ ಕೂರುತ್ತದೆ. ಹೆಬ್ಬೆರಳು ಸುಮ್ನೆ ಒರಗಿರುತ್ತದೆ. ಕೈ ಬೀಸುತ್ತಿದ್ದರೆ ಅದು ಬೀಳುವುದಿಲ್ಲ. ನೀರಿನ ಬಕೆಟ್ಟನ್ನು ಗಿರ್ರನೆ ತಿರುಗಿಸಿದರೆ ನೀರು ಚೆಲ್ಲುವುದಿಲ್ಲ ಅಲ್ವಾ, ಹಾಗೆ. ಬಿಗಿ ಹಿಡಿದರೆ ಸರಿಯಾಗಿ ತಿರುಗದೆ ಗಾಳಿಯಲ್ಲಿ ಒದ್ದಾಡುತ್ತದೆ. ಬಲಗೈಯವರ ಕೈಯಿಂದ ಕೊನೆಗೆ ಬಿಡುವುದು ತೋರುಬೆರಳು; ಮೇಲಿನಿಂದ ನೋಡಿದರೆ ಡಿಸ್ಕಸ್ ಗಡಿಯಾರದ ಮುಳ್ಳಿನಂತೆ ತಿರುಗಬೇಕು. ಇದನ್ನು ಕಲಿಸಲು ಡಿಸ್ಕಸ್ಸನ್ನು ನೆಲದ ಮೇಲೆ ನೇರ ಉರುಳಿಸುವುದೇ ಒಳ್ಳೆಯದು. ಟೈರ್ ಓಡಿಸಿದ ಮಕ್ಕಳಿಗೆ ಬೇಜಾರೂ ಆಗುವುದಿಲ್ಲ.

ಬಲ ಹುಟ್ಟುವುದು ಕಾಲು, ಸೊಂಟದಲ್ಲಿ. ತೋಳು ಕೊನೆಗೆ ಬರುತ್ತದೆ. ಮೊದಲು ನಿಂತು ಎಸೆಯಲಿ, 2.5 ಮೀಟರ್ ಅಗಲದ ವೃತ್ತದೊಳಗಿನ ಒಂದೂವರೆ ಸುತ್ತು ಆಮೇಲೆ.

ಗಾಳಿಯ ಮಾತಂತೂ ಪೂರ್ತಿ ಉಲ್ಟಾ. ಹದವಾದ ಎದುರುಗಾಳಿ ಡಿಸ್ಕಸ್ಸನ್ನು ಎತ್ತಿ ಹಿಡಿಯುತ್ತದೆ. 2025ರಲ್ಲಿ ಲಿಥುವೇನಿಯಾದ ಮಿಕೋಲಾಸ್ ಅಲೆಕ್ನಾ 75.56 ಮೀಟರ್ ಎಸೆದು ವಿಶ್ವದಾಖಲೆ ಮಾಡಿದ್ದು ಗಾಳಿಗೇ ಹೆಸರಾದ ಅಮೆರಿಕದ ರಮೋನಾದಲ್ಲಿ.

ಒಂದು ಮಾತು ಮಾತ್ರ ನಮ್ಮ ಕಡೆಯದು. ಜಿಟಿಜಿಟಿ ಮಳೆಗೆ ಡಿಸ್ಕಸ್ ಒದ್ದೆಯಾಗಿ ಜಾರುತ್ತದೆ. ಆಗಲೂ ಬಿಗಿ ಹಿಡಿಯಬೇಡಿ, ಟವೆಲ್ಲಿನಿಂದ ಒರೆಸಿ. ಎಸೆಯುವವರ ಮುಂದಾಗಲಿ ಪಕ್ಕದಲ್ಲಾಗಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಿ.